ಬಸಯ್ಯನವರ ಮನೆಯಲ್ಲಿ ಇರುವವರಿಗೆ

ರಾಮದುರ್ಗ
12 ಜೂನ್ 2023

ಕರೆಗೊಪ್ಪದ ಬಸಯ್ಯನವರ ಮನೆಯಲ್ಲಿ ಈಗ ಇರುವವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಬೆಳಗಾವಿಯವರು, ಗಂಡ ಹೆಂಡತಿ ಇಬ್ಬರೇ, ಗಂಡನಿಗೆ ಆರಾಮಿಲ್ಲ, ಇಷ್ಟು ಮಾತ್ರ ಕೇಳಿದ್ದೇನೆ. ಬಸಯ್ಯನವರ ಮನೆ ಎಂದು ಬರೆದರೆ ಪೋಸ್ಟಿನವರು ತಂದು ಮುಟ್ಟಿಸಿಯಾರು ಎಂಬ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ.

ನಾನು ದುರ್ಗಾ. ಬಸಯ್ಯನವರ ಹಿರಿಯ ಮಗಳು. ನಿಮಗೆ ಮನೆ ಮಾರಿದ ಮಹಾದೇವ ನನ್ನ ತಮ್ಮ. ಹತ್ತೊಂಬತ್ತರ ವಯಸ್ಸಿನಲ್ಲಿ ನಾನು ಈ ಊರಿನ ನೇಕಾರರ ಹುಡುಗನನ್ನು ಮದುವೆಯಾಗಿ ಮನೆ ಬಿಟ್ಟು ಬಂದೆ. ನಮ್ಮ ಜಾತಿಯವನಲ್ಲ ಎಂದು ಅಪ್ಪ ನಾನು ಸತ್ತೆನೆಂದು ಸಾರಿ, ತಲೆಗೆ ನೀರು ಹಾಕಿಕೊಂಡು, ಊರಿಗೆ ಊಟವನ್ನೂ ಹಾಕಿಸಿದರಂತೆ. ಅದು ನನಗೆ ಆಗಲೇ ತಿಳಿದಿತ್ತು. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಅದು ಹಳೆಯ ಮಾತು, ಅಪ್ಪನೂ ಈಗಿಲ್ಲ.

ಈಗ ಕೇಳಿದ್ದು ಬೇರೆ. ಹೋದ ತಿಂಗಳು ಇಲ್ಲೊಂದು ಮದುವೆಗೆ ನಿಮ್ಮ ಪಕ್ಕದ ಮನೆಯ ರಾಚವ್ವ ಬಂದಿದ್ದಳು. ಸಣ್ಣವರಿದ್ದಾಗ ಇಬ್ಬರೂ ಕೂಡಿ ಸಾಲಿಗೆ ಹೋದವರು. ಊಟಕ್ಕೆ ಕುಳಿತಾಗ ನನ್ನ ಕಿವಿಯ ಹತ್ತಿರ ಬಂದು, "ಮನಿ ಮಾರ್ಯಾರ ದುರ್ಗಾ. ಸರಕಾರದ ಕಾಗದದಾಗೂ ನೀ ಸತ್ತೀ ಅಂತ ಬರಸ್ಯಾರಂತ," ಎಂದಳು.

ಇದು ನಿಜವೇ? ಮನೆ ಕೊಂಡ ನಿಮ್ಮ ಹತ್ತಿರ ಆ ಕಾಗದ ಇರಬೇಕು. ನೋಡಿ ತಿಳಿಸಿ. ಕೆಳಗೆ ನೇಕಾರರ ಸೊಸೈಟಿಯ ವಿಳಾಸ ಬರೆದಿದ್ದೇನೆ. ಅಲ್ಲಿಗೇ ಬರೆಯಿರಿ, ಮನೆಗೆ ಬೇಡ.

ಇತಿ, ಇನ್ನೂ ಜೀವಂತ ಇರುವ
ದುರ್ಗಾ


ಕರೆಗೊಪ್ಪ
3 ಜುಲೈ 2023

ದುರ್ಗಾ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕುಳಿತಾಗಲೆಲ್ಲ ಎದ್ದುಬಿಟ್ಟೆ. ಬೈಲಹೊಂಗಲದ ವಕೀಲರಿಗೆ ತೋರಿಸಿದೆವು. ಉತ್ತರ ಕೊಡಲೇಬೇಡಿ, ಏನು ಬರೆದರೂ ನಾಳೆ ಕೋರ್ಟಿನಲ್ಲಿ ನಿಮಗೇ ತಿರುಗುತ್ತದೆ ಎಂದರು. ಸರಿ ಎಂದು ಬಂದೆ. ಆದರೆ ಒಬ್ಬ ಹೆಣ್ಣುಮಗಳು ತಾನು ಬದುಕಿದ್ದೇನೋ ಇಲ್ಲವೋ ಎಂದು ಕೇಳಿದರೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

ನಿಜ. ಮನೆತನದ ವಂಶಾವಳಿಯಲ್ಲಿ ನಿಮ್ಮ ಹೆಸರಿದೆ, ಅದರ ಮುಂದೆ 'ಮೃತ' ಎಂದಿದೆ. ಕೆಳಗೆ ನಿಮ್ಮ ತಮ್ಮನ ಸಹಿ, ನಿಮ್ಮ ತಾಯಿ ಸೋಮವ್ವನವರ ಹೆಬ್ಬೆಟ್ಟು ಇವೆ.

ನಮಗೆ ತಿಳಿದಿರಲಿಲ್ಲ. ಇದನ್ನು ನೀವು ನಂಬಬೇಕು. ಮನೆ ನೋಡಲು ಬಂದ ದಿನ ಮಹಾದೇವ ಅವರೇ ಹೇಳಿದ್ದರು: "ಅಕ್ಕ ಒಬ್ಬಾಕಿ ಇದ್ದಳ್ರಿ. ಹೋಗಿ ಭಾಳ ವರ್ಷ ಆತು." ನಾನು ಅಯ್ಯೋ ಪಾಪ ಎಂದೆ. ನೋಂದಣಿಯ ದಿನ ಸವದತ್ತಿಗೆ ನಿಮ್ಮ ತಾಯಿಯೂ ಬಂದಿದ್ದರು. ಬಿಸಿಲಲ್ಲಿ ಬಂದಿದ್ದಾರೆಂದು ಚಹ ತರಿಸಿ ಕೊಟ್ಟೆ. ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದರು, ಕುಡಿಯಲಿಲ್ಲ. ವಯಸ್ಸಾದವರು, ಹೊರಗಿನದು ನಡೆಯುವುದಿಲ್ಲವೇನೋ ಎಂದುಕೊಂಡೆ.

ನನ್ನ ಗಂಡ ಸಮೀರ ಬೆಳಗಾವಿಯಲ್ಲಿ ಎರಕದ ಕಾರ್ಖಾನೆಯಲ್ಲಿ ಇದ್ದರು. ಆ ಧೂಳು ಎದೆಯಲ್ಲಿ ಕುಳಿತಿದೆ. ಒಳ್ಳೆಯ ಗಾಳಿ ಇರುವ ಕಡೆ ಹೋಗಿ ಎಂದು ಡಾಕ್ಟರು ಹೇಳಿದ್ದಕ್ಕೆ, ಇದ್ದದ್ದನ್ನೆಲ್ಲ ಈ ಮನೆಗೆ ಹಾಕಿದೆವು. ಹಿಂದಕ್ಕೆ ಹೋಗಲು ನಮಗೆ ಇನ್ನೊಂದು ಮನೆ ಇಲ್ಲ. ಇದನ್ನು ಹೆದರಿ ಹೇಳುತ್ತಿದ್ದೇನೆ, ಮರೆಮಾಚುವುದಿಲ್ಲ.

ನೀವು ಮುಂದೆ ಏನು ಮಾಡಬೇಕೆಂದಿದ್ದೀರಿ? ನನ್ನ ಫೋನ್ ನಂಬರು ಬರೆದಿದ್ದೇನೆ. ದಯವಿಟ್ಟು ಫೋನ್ ಮಾಡಿ.

ನಿಮ್ಮ
ಮೃಣಾಲಿನಿ


ರಾಮದುರ್ಗ
14 ಜುಲೈ 2023

ಮೃಣಾಲಿನಿಬಾಯಿ ಅವರಿಗೆ,

ನಿಮ್ಮ ಪತ್ರ ಸೊಸೈಟಿಯ ಗುಮಾಸ್ತರು ಕೊಟ್ಟರು. ಖರೆ ಹೇಳಿದ್ದಕ್ಕೆ ಋಣಿಯಾಗಿದ್ದೇನೆ.

ಫೋನ್ ಮಾಡುವುದಿಲ್ಲ. ಮನೆಯಲ್ಲಿರುವ ಫೋನು ಮಗ ಸದಾಶಿವನ ಕೈಯಲ್ಲಿರುತ್ತದೆ. ಮಗ್ಗದ ರಿಪೇರಿ ಕೆಲಸ ಅವನದು. ನಮ್ಮ ಮನೆಯವರು ಕೊರೋನಾದಲ್ಲಿ ತೀರಿಕೊಂಡ ಮೇಲೆ ಅವನ ಮಾತು ಬಿರುಸಾಗಿದೆ. ಈ ವಿಷಯ ತಿಳಿದರೆ ನಾಳೆಯೇ ವಕೀಲರ ಮನೆಗೆ ಹೋಗುತ್ತಾನೆ. ಅಲ್ಲದೆ ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಬರೆಯುವಾಗ ನಡುವೆ ನಿಲ್ಲಬಹುದು.

ಅವ್ವನ ಹೆಬ್ಬೆಟ್ಟು ಇದೆ ಎಂದು ಬರೆದಿದ್ದೀರಿ. ಅಪ್ಪ ಮಾಡಿದ್ದು ಅಪ್ಪನ ಸಿಟ್ಟು. ತಮ್ಮ ಮಾಡಿದ್ದು ಅವನ ಆಸೆ. ಅವ್ವ ಒತ್ತಿದ್ದು ಏನೆಂದು ನನಗೆ ತಿಳಿಯುತ್ತಿಲ್ಲ. ಆಕೆಗೆ ಓದಲು ಬಾರದು, ಯಾವುದೋ ಕಾಗದ ಎಂದು ಒತ್ತಿರಬಹುದು ಎಂದು ಒಮ್ಮೆ ಅಂದುಕೊಳ್ಳುತ್ತೇನೆ. ಚಹ ಕುಡಿಯದೆ ಹಿಡಿದುಕೊಂಡು ಕುಳಿತಿದ್ದಳೆಂಬ ನಿಮ್ಮ ಮಾತು ಓದಿದಾಗ ಹಾಗೆ ಅನ್ನಿಸುವುದಿಲ್ಲ.

ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದ್ದೀರಿ. ನನಗೇ ಗೊತ್ತಿಲ್ಲ.

ಇತಿ,
ದುರ್ಗಾ


ಕರೆಗೊಪ್ಪ
9 ಆಗಸ್ಟ್ 2023

ದುರ್ಗಾ ಅವರಿಗೆ,

ನಾಲ್ಕು ದಿನ ಜಡಿಮಳೆ ಹಿಡಿದಿತ್ತು, ಈಗ ಹೊಳವಾಗಿದೆ. ಸಮೀರ ನಿನ್ನೆ ಮೊದಲ ಸಲ ಹೊಲದ ತನಕ ನಡೆದು, ಎಲ್ಲಿಯೂ ಕೂಡದೆ ಮರಳಿ ಬಂದರು. ಊರ ಹಣಮಂತಪ್ಪನವರು ತಮ್ಮ ಒಂದೂವರೆ ಎಕರೆಯನ್ನು ನಮಗೆ ಪಾಲಿಗೆ ಕೊಟ್ಟಿದ್ದಾರೆ. ಗೋವಿನಜೋಳ ಹಾಕಿದ್ದೇವೆ. ಹಿತ್ತಲಲ್ಲಿ ಒಂದು ಎಮ್ಮೆ ಕಟ್ಟಿದ್ದೇವೆ. ಹಿಂಡುವುದನ್ನು ಕಲಿಸಿದವಳು ರಾಚವ್ವನೇ. ದಿನಾ ನಮ್ಮ ಅಡಿಗೆಮನೆಯ ತನಕ ಬರುವವಳು, ನಿಮ್ಮ ಸುದ್ದಿ ಒಂದು ದಿನವೂ ಎತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದೆ ಎಂಬುದು ನನಗೆ ಈಗ ಗೊತ್ತಾಗುತ್ತಿದೆ. ಬಂದ ಹೊಸದರಲ್ಲಿ ಕೈ ತುಂಬ ಬಾಳೆಕಾಯಿ, ರೊಟ್ಟಿ ಕೊಟ್ಟು ಹೋದವರು, ಹೋಗುವಾಗ ಒಮ್ಮೆ ಮನೆಯ ಒಳಗೆ ಇಣುಕಿ ನೋಡುತ್ತಿದ್ದರು. ಏನು ನೋಡುತ್ತಿದ್ದರೆಂದು ಆಗ ತಿಳಿದಿರಲಿಲ್ಲ.

ಹೋದ ವಾರ ಮಹಾದೇವ ಅವರು ಯರಗಟ್ಟಿಯಿಂದ ಮೋಟರ್ ಸೈಕಲ್ ಮೇಲೆ ಬಂದಿದ್ದರು. ನಾವು ಪತ್ರ ಬರೆಯುವ ಸುದ್ದಿ ಅಂಚೆಯವರಿಂದಲೇ ಹೋಗಿರಬೇಕು. ಸಿಟ್ಟು ಮಾಡಲಿಲ್ಲ. ಅಲ್ಲಿಯ ತಮ್ಮ ಬೀಜ ಗೊಬ್ಬರದ ಅಂಗಡಿಯಲ್ಲಿ ಗಿರಾಕಿಗಳ ಕೂಡ ಮಾತನಾಡುವ ಹಾಗೆ ಮೆತ್ತಗೆ ಮಾತನಾಡಿದರು. "ನಮ್ಮ ಪಾಲಿಗೆ ಆಕಿ ಎಂದೋ ಸತ್ತಾಳ್ರಿ ಬಾಯಿ. ನೀವು ಕಾಗದ ಬರದು ಬರದು ಎಬ್ಬಸಬ್ಯಾಡ್ರಿ," ಎಂದರು. ಈಗ ಓಣಿಯಲ್ಲಿ ಯಾವ ಗಾಡಿಯ ಸಪ್ಪಳ ಕೇಳಿದರೂ ಒಲೆಯ ಮುಂದಿನಿಂದ ಎದ್ದು ಬಂದು ನೋಡುತ್ತೇನೆ.

ನೀವು ಒಮ್ಮೆ ಇಲ್ಲಿಗೆ ಯಾಕೆ ಬರಬಾರದು? ನೀವು ಹುಟ್ಟಿ ಬೆಳೆದ ಮನೆ. ನೋಡಿ ಹೋಗಿ. ಎರಡು ದಿನ ಇರಿ. ಹಬ್ಬಕ್ಕೆ ಮುಂಚೆ ಬಂದರೆ ನಮಗೂ ಸಂತೋಷ. ಕೂತು ಮಾತನಾಡಿದರೆ ಎಲ್ಲವೂ ಸರಳವಾಗುತ್ತದೆ. ಬಸ್ಸಿನಿಂದ ಕರೆದುಕೊಂಡು ಬರಲು ನಾನೇ ಬರುತ್ತೇನೆ.

ನಿಮ್ಮ
ಮೃಣಾಲಿನಿ


ಕರೆಗೊಪ್ಪ
11 ಸೆಪ್ಟೆಂಬರ್ 2023

ದುರ್ಗಾ ಅವರಿಗೆ,

ನೀವು ಉತ್ತರ ಬರೆಯಲಿಲ್ಲ. ಬರೆಯದೆ ಏನು ಮಾಡಿದಿರಿ ಎಂಬುದು ಇಂದು ತಿಳಿಯಿತು.

ನೋಟೀಸು ಬಂದಿದೆ. ರಾಮದುರ್ಗದ ವಕೀಲರದು. ಪಾಲು ಕೊಡಬೇಕು, ಇಲ್ಲದಿದ್ದರೆ ಖರೀದಿಯನ್ನೇ ರದ್ದು ಮಾಡಿಸುತ್ತೇವೆ, ಮನೆಯಲ್ಲಿ ಯಾವ ಬದಲಾವಣೆಯನ್ನೂ ಮಾಡಕೂಡದು ಎಂದು ಬರೆದಿದೆ. ಕೆಳಗೆ ನಿಮ್ಮ ಸಹಿ ಇದೆ. ನಿಮ್ಮ ಅಕ್ಷರ ನನಗೀಗ ಗುರುತು ಸಿಗುತ್ತದೆ.

ಸಮೀರ ಅದನ್ನು ಓದಿ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಕೆಮ್ಮು ಶುರುವಾಯಿತು. ಎರಡು ತಿಂಗಳಿಂದ ಹಾಗೆ ಕೆಮ್ಮಿರಲಿಲ್ಲ. ನಾನು ಬೆನ್ನು ತೀಡುತ್ತ ನಿಂತಾಗ, ಇದೇ ಗೋಡೆ, ಇದೇ ಮಾಡು, ಯಾವುದೂ ನಮ್ಮದಲ್ಲ ಅನ್ನಿಸಿತು. ಹೆಂಚು ಸರಿಪಡಿಸುವವರನ್ನು ನಾಳೆ ಬರಹೇಳಿದ್ದೆವು. ಬೇಡ ಎಂದು ಹೇಳಿ ಕಳಿಸಿದೆ.

ನಾನು ನಿಮಗೆ ಖರೆ ಹೇಳಿದೆ. ನೀವು ನನಗೆ ಇದನ್ನು ಕಳಿಸಿದಿರಿ.

ಮೃಣಾಲಿನಿ


ರಾಮದುರ್ಗ
2 ಅಕ್ಟೋಬರ್ 2023

ಮೃಣಾಲಿನಿಬಾಯಿ ಅವರಿಗೆ,

ನಿಮ್ಮ ಪತ್ರ ಓದಿ ಉಣ್ಣುವುದಾಗಲಿಲ್ಲ. ಸಿಟ್ಟು ನಿಮ್ಮ ಮೇಲೂ ಬಂತು, ನನ್ನ ಮೇಲೂ ಬಂತು.

ನನ್ನ ಸೊಸೆ ನಿಮ್ಮ ಆಗಸ್ಟಿನ ಪತ್ರವನ್ನು ನನ್ನ ಸೀರೆಗಳ ಕೆಳಗೆ ನೋಡಿ ಮಗನಿಗೆ ಕೊಟ್ಟಳು. ಸದಾಶಿವ ಓದಿ, "ಅವ್ವ, ನಿನ್ನನ್ನ ಜೀವಂತ ಹೂತಾರ. ನೀ ಅವರಿಗೆ ಚಂದಾಗಿ ಕಾಗದ ಬರಕೋತ ಕುಂತೀ," ಎಂದ. ವಕೀಲರ ಕಾಗದ ತಂದು ಮುಂದಿಟ್ಟ. ಅವನು ಹೇಳಿದ್ದು ಸುಳ್ಳಲ್ಲ, ಹಾಗಾಗಿ ಸಹಿ ಮಾಡಿದೆ. ಯಾರೂ ಕೈ ಹಿಡಿದು ಮಾಡಿಸಲಿಲ್ಲ.

ಇನ್ನು ನೀವು ನನ್ನನ್ನು ಕರೆದ ಮಾತು. ಹಬ್ಬಕ್ಕೆ ಮುಂಚೆ ಬನ್ನಿ, ಎರಡು ದಿನ ಇರಿ ಎಂದಿರಿ. ಅದು ಹಕ್ಕು ಬಿಟ್ಟೆನೆಂದು ನನ್ನ ಸಹಿ ಹಾಕಿಸಿಕೊಳ್ಳಲು ಎಂದು ನನಗೆ ಗೊತ್ತಾಗಲಿಲ್ಲ ಅಂದುಕೊಂಡಿರಾ? ವಕೀಲರು ಹೇಳಿಕೊಟ್ಟ ಮಾತು ಓದಿದರೆ ತಿಳಿಯುತ್ತದೆ. ನಿಮ್ಮ ಮೊದಲಿನ ಪತ್ರದಲ್ಲಿ ಹೆದರಿಕೆ ಇತ್ತು, ಅದು ನನಗೆ ಹಿಡಿಸಿತ್ತು. ಆ ಆಗಸ್ಟಿನ ಪತ್ರದಲ್ಲಿ ಬೆಲ್ಲ ಹೆಚ್ಚಾಗಿತ್ತು.

ನನಗೆ ನಿಮ್ಮ ಮನೆ ಕಸಿಯಬೇಕೆಂದಿಲ್ಲ. ಸಹಿಯನ್ನೂ ಮಾಡಿಕೊಡುತ್ತೇನೆ, ಹಣವಿಲ್ಲದೆ. ಮಗನಿಗೆ ನಾನು ಹೇಳಿಕೊಳ್ಳುತ್ತೇನೆ. ಆದರೆ ಸತ್ತವಳು ಹೇಗೆ ಸಹಿ ಮಾಡುತ್ತಾಳೆ? ಮೊದಲು ಆ ಶಬ್ದವನ್ನು ತೆಗೆಸಿರಿ. ಕರೆಗೊಪ್ಪದ ಚಾವಡಿಯಲ್ಲಿ, ಊರವರ ಎದುರಿಗೆ, ಊರ ಲೆಕ್ಕ ಬರೆಯುವ ತಲಾಠಿಯವರು ನನ್ನ ಹೆಸರನ್ನು ಬಸಯ್ಯನವರ ಮಗಳೆಂದು ಬರೆಯಬೇಕು. ಅರ್ಜಿಯನ್ನು ನಾನು ಕೊಟ್ಟರೆ ತಮ್ಮ ತಳ್ಳಿ ಹಾಕಿಸುತ್ತಾನೆ. ಮನೆಯ ಮಾಲಕರು ನೀವು. ನನ್ನ ಅರ್ಜಿಯ ಕೂಡ ನಿಮ್ಮದೂ ಇದ್ದರೆ ತಲಾಠಿ ವಿಚಾರಣೆ ಮಾಡಲೇಬೇಕಾಗುತ್ತದೆ.

ಇದರಿಂದ ನಿಮ್ಮ ಖರೀದಿಗೇ ತೊಡಕಾಗುತ್ತದೆ ಎಂಬುದು ನನಗೆ ತಿಳಿದಿದೆ. ತಿಳಿದೇ ಕೇಳುತ್ತಿದ್ದೇನೆ.

ಇತಿ,
ದುರ್ಗಾ


ಕರೆಗೊಪ್ಪ
27 ಅಕ್ಟೋಬರ್ 2023

ದುರ್ಗಕ್ಕ,

ಹೀಗೆ ಕರೆಯಬಹುದೋ ಇಲ್ಲವೋ. ನೀವು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು.

ಬೆಲ್ಲದ ಮಾತು ಸರಿಯಾಗಿಯೇ ಹೇಳಿದಿರಿ. ವಕೀಲರು, ಹೇಗಾದರೂ ಮಾಡಿ ಕರೆಸಿ ಸಹಿ ತೆಗೆದುಕೊಳ್ಳಿ ಎಂದಿದ್ದರು.

ನಿಮ್ಮ ಷರತ್ತನ್ನು ಅವರಿಗೆ ಹೇಳಿದೆವು. ಕನ್ನಡಕ ತೆಗೆದು ಇಟ್ಟರು. "ನಿಮ್ಮ ಕಾಗದ ಸುಳ್ಳದ ಅಂತ ನೀವ ಅರ್ಜಿ ಕೊಡ್ತೀರೇನು? ನಾಳೆ ಆಕಿ ಸಹಿ ಮಾಡಂಗಿಲ್ಲ ಅಂದ್ರ?" ಎಂದರು. ಬಸ್ಸಿನಲ್ಲಿ ಬರುವಾಗ ನಾನು ಮನಸ್ಸಿನಲ್ಲಿ, ಬೇಡವೇ ಬೇಡ ಎಂದು ಗಟ್ಟಿ ಮಾಡಿಕೊಂಡಿದ್ದೆ. ಮನೆ ಹೋದರೆ ಇವರನ್ನು ಕರೆದುಕೊಂಡು ಮತ್ತೆ ಆ ಹೊಗೆಯ ಊರಿನಲ್ಲಿ ಬಾಡಿಗೆ ಮನೆ ಹುಡುಕಬೇಕು.

ಊರ ಅಗಸಿ ಬಾಗಿಲು ದಾಟಿದ ಮೇಲೆ ಸಮೀರ ನಿಂತು ದಣಿವಾರಿಸಿಕೊಂಡರು. ಆಮೇಲೆ, "ಆಕಿ ಇದ್ದಾಳ ಅನ್ನೋದು ನಮಗ ಗೊತ್ತಾಗೇದ. ಇನ್ನ ಗೊತ್ತಿಲ್ಲದವರಂಗ ಈ ಮನಿಯೊಳಗ ಹೆಂಗ ಇರಲಿಕ್ಕೆ ಬರ್ತದ, ಮೃಣಾ?" ಎಂದರು. ನಾನು ಅಲ್ಲಿಯೇ ಅಳತೊಡಗಿದೆ. ದನ ಹೊಡೆದುಕೊಂಡು ಬರುತ್ತಿದ್ದವರು ನೋಡಿ ಪಕ್ಕಕ್ಕೆ ಸರಿದು ಹೋದರು.

ಅರ್ಜಿ ಕೊಟ್ಟಿದ್ದೇವೆ.

ಕೊಟ್ಟ ಮೂರನೆಯ ದಿನ ಹಣಮಂತಪ್ಪನವರು ಬಂದು, ಬರುವ ಹಂಗಾಮಿನಿಂದ ಹೊಲ ನಾವೇ ಮಾಡಿಕೊಳ್ಳುತ್ತೇವೆ ಎಂದರು. ಕಾರಣ ಕೇಳಿದ್ದಕ್ಕೆ, ಒಳ್ಳೆಯವರೇ ಅವರು, ನೆಲ ನೋಡುತ್ತ, "ಮಹಾದೇವ ನಮಗ ಬೀಜ ಉದ್ರಿ ಕೊಡತಾನ್ರಿ. ನಾಳೆ ನಾವು ಅವನ ಅಂಗಡಿ ಮೆಟ್ಟಿಲ ಹತ್ತಬೇಕು," ಎಂದರು. ಈಗ ಬಾಳೆಕಾಯಿ ಕೊಡುವವರೂ ಇಲ್ಲ, ಇಣುಕಿ ನೋಡುವವರೂ ಇಲ್ಲ. ರಾಚವ್ವ ಮಾತ್ರ ಹಿತ್ತಲ ಕಡೆಯಿಂದ ಬರುತ್ತಾಳೆ.

ವಿಚಾರಣೆ ನವೆಂಬರ್ ಇಪ್ಪತ್ತೊಂದಕ್ಕೆ. ಹತ್ತು ಗಂಟೆಗೆ ಬನ್ನಿ. ದಯವಿಟ್ಟು ತಪ್ಪಿಸಬೇಡಿ, ನನಗೆ ಬೇರೆ ಧೈರ್ಯ ಇಲ್ಲ.

ನಿಮ್ಮ
ಮೃಣಾಲಿನಿ


ಕರೆಗೊಪ್ಪ
22 ನವೆಂಬರ್ 2023

ದುರ್ಗಕ್ಕ,

ನಿನ್ನೆ ನೀವು ಎದ್ದು ಹೋದ ಮೇಲೆ ನಾನು ಬಸ್ ಸ್ಟ್ಯಾಂಡಿನ ತನಕ ಓಡಿ ಬಂದೆ. ನೀವು ಹತ್ತಿದ ಬಸ್ಸು ತಿರುವಿನಲ್ಲಿ ಕಾಣಿಸಿತು, ಕೈ ಮಾಡಿದೆ, ನಿಲ್ಲಲಿಲ್ಲ. ಅದಕ್ಕೇ ಇದನ್ನು ತಕ್ಷಣ ಬರೆಯುತ್ತಿದ್ದೇನೆ. ಕುಳಿತು ಓದಿ.

ಮೊದಲು ಒಂದು ಮಾತು. ನಿಮ್ಮ ತಮ್ಮ ನಿಮ್ಮ ಮುಖವನ್ನೂ ನೋಡದೆ, "ಈ ಹೆಣಮಗಳು ಯಾರೋ ನನಗ ಗೊತ್ತಿಲ್ಲ. ನಮ್ಮ ಅಕ್ಕ ಸತ್ತಾಳ," ಎಂದಾಗ, ಚಾವಡಿಯಲ್ಲಿದ್ದ ಅಷ್ಟು ಹಿರಿಯರಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ನೀವು ಒಬ್ಬೊಬ್ಬರನ್ನೇ ನೋಡಿದಿರಿ. ಹಣಮಂತಪ್ಪನವರು ಕಾಲ ಕೆಳಗೆ ನೋಡಿದರು. ಆಗ ನಾನು ಏಳಬೇಕಿತ್ತು. ಎದ್ದು ಏನು ಹೇಳಲಿ, ನಾನು ನಿಮ್ಮನ್ನು ನೋಡಿದ್ದೇ ಅಂದು ಮೊದಲ ಸಲ ಎಂದುಕೊಂಡು ಕುಳಿತುಬಿಟ್ಟೆ. ನೀವು ಸೆರಗು ಸರಿಮಾಡಿಕೊಂಡು ಹೊರಗೆ ನಡೆದಿರಿ.

ನಾನು ಸ್ಟ್ಯಾಂಡಿನಿಂದ ತಿರುಗಿ ಬಂದಾಗ ತಲಾಠಿ ಕಾಗದ ಮಡಚುತ್ತಿದ್ದರು. ಸಾಕ್ಷಿ ಹೇಳುವವರಿಲ್ಲ, ಅರ್ಜಿ ತಳ್ಳಿ ಹಾಕಬೇಕಾಗುತ್ತದೆ ಎಂದರು. ಅಷ್ಟರಲ್ಲಿ ಹೊರಗೊಂದು ಟೆಂಪೋ ನಿಂತಿತು. ಹತ್ತಿ ಚೀಲಗಳ ನಡುವೆ ಕುಳಿತು ನಿಮ್ಮ ತಾಯಿ ಬಂದಿದ್ದರು. ರಾಚವ್ವ ಬೆಳಿಗ್ಗೆಯೇ ಯರಗಟ್ಟಿಗೆ ಯಾರ ಕೈಯಲ್ಲೋ ಹೇಳಿ ಕಳಿಸಿದ್ದಳಂತೆ. ಮಗನಿಗೆ ತಿಳಿಸದೆ, ಕೈಯಲ್ಲೊಂದು ಕೋಲು ಹಿಡಿದು ಬಂದಿದ್ದರು.

ತಲಾಠಿ ಕುರ್ಚಿ ಕೊಟ್ಟರು. ಅವರು ನೆಲಕ್ಕೆ ಕುಳಿತರು. ಮಹಾದೇವ ಎದ್ದು, "ಅವ್ವ, ನೀ ಸುಮ್ಮನಿರು, ನಡಿ ಮನಿಗೆ," ಎಂದರು. ಅವರು ಆ ಕಡೆ ತಿರುಗಲೇ ಇಲ್ಲ. ತಲಾಠಿ ಮಕ್ಕಳು ಎಷ್ಟು ಮಂದಿ ಎಂದು ಕೇಳಿದರು.

"ಇಬ್ಬರು," ಎಂದರು ನಿಮ್ಮ ತಾಯಿ. "ಹಿರೇದಾಕಿ ದುರ್ಗಾ. ಆಕಿ ಸತ್ತಿಲ್ಲ. ಸತ್ತಾಳ ಅಂತ ಹೆಬ್ಬಟ್ಟ ಒತ್ತಿದಾಕಿ ನಾನ. ಗೊತ್ತಿದ್ದ ಒತ್ತೇನಿ. ಈಗ ಸತ್ತಿಲ್ಲ ಅಂತ ಎಲ್ಲಿ ಒತ್ತಬೇಕು ತೋರಸ್ರಿ."

ದನಿ ಎತ್ತರಿಸಲಿಲ್ಲ, ಅಳಲೂ ಇಲ್ಲ. ತಲಾಠಿ ಶಾಯಿಯ ಡಬ್ಬಿ ತೆರೆದು ಮುಂದಿಟ್ಟರು. ಒತ್ತಿದ ಮೇಲೆ ಕೈಯನ್ನು ಸೀರೆಗೆ ಒರೆಸಿಕೊಳ್ಳದೆ ಹಾಗೆಯೇ ಮೇಲೆ ಹಿಡಿದುಕೊಂಡು, "ಎಲ್ಲಿ ಅದಾಳ ಆಕಿ?" ಎಂದು ಸುತ್ತ ನೋಡಿದರು. ಗೋಡೆಯ ಹತ್ತಿರ ನಿಂತಿದ್ದ ರಾಚವ್ವ, "ಈಗಿಂದೀಗ ಹೋದಳ ಬೇ. ಬಸ್ ಹತ್ತಿದಳು," ಎಂದಳು.

ಆಮೇಲೆ ಹಣಮಂತಪ್ಪನವರು ಎದ್ದು ಬಂದು, ಬಂದವಳು ದುರ್ಗಾ ಹೌದು, ನಾನು ಗುರುತಿಸಿದೆ ಎಂದು ಬರೆಸಿ ಸಹಿ ಮಾಡಿದರು. ಅವರ ಹಿಂದೆ ಇನ್ನೂ ಮೂವರು ಮಾಡಿದರು.

ಮಹಾದೇವ ಗಾಡಿ ಹತ್ತಿ ಹೋಗಿಬಿಟ್ಟರು. ತಾಯಿಯನ್ನು ಕರೆಯಲಿಲ್ಲ. ಸಂಜೆ ಅದೇ ಟೆಂಪೋದವನು ಒಂದು ಬೀಜದ ಚೀಲ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು ಹೋದ. ಅದರಲ್ಲಿ ಅವರ ಸೀರೆಗಳಿದ್ದವು, ಗುಳಿಗೆಯ ಡಬ್ಬಿ ಇತ್ತು.

ಅವರು ನಮ್ಮ ಪಡಸಾಲೆಯಲ್ಲಿದ್ದಾರೆ. ಏನು ಮಾಡಲಿ ಎಂದು ನನಗೆ ತಿಳಿಯುತ್ತಿಲ್ಲ. ಬನ್ನಿ.

ಮೃಣಾಲಿನಿ


ರಾಮದುರ್ಗ
15 ಡಿಸೆಂಬರ್ 2023

ಮೃಣಾಲಿನಿ,

ಮೂರು ಸಲ ಬರೆದು ಹರಿದೆ.

ತಲಾಠಿಯವರ ಆದೇಶದ ಪ್ರತಿ ನನಗೂ ಬಂದಿದೆ. ದುರ್ಗಾ, ಬಸಯ್ಯನವರ ಮಗಳು. 'ಮೃತ' ಎಂಬ ಶಬ್ದ ಇಲ್ಲ. ಸದಾಶಿವನಿಗೆ ತೋರಿಸಿದೆ. ಅವನು ಓದಿ ನನ್ನ ಕೈಗೆ ಕೊಟ್ಟು ಮಗ್ಗದ ಕಡೆ ಹೋದ. ಇಡೀ ದಿನ ಕಟುವಾಗಿ ಮಾತನಾಡಲಿಲ್ಲ.

ನಿಮಗೆ ಮಾತು ಕೊಟ್ಟಿದ್ದೆ. ಹಕ್ಕು ಬಿಡುವ ಕಾಗದವನ್ನು ಇಲ್ಲಿಯ ವಕೀಲರ ಕಡೆ ಬರೆಸಿ ತಂದೆ. ನಿನ್ನೆ ಸಹಿ ಮಾಡಲು ಕುಳಿತೆ. ಕೈ ಏಳಲಿಲ್ಲ. ಈಗಷ್ಟೇ ಆ ಮನೆಯಲ್ಲಿ ಹುಟ್ಟಿದವಳೆಂದು ಬರೆದಿದ್ದಾರೆ. ಅದರ ಮೇಲೆಯೇ ನನಗೂ ಆ ಮನೆಗೂ ಸಂಬಂಧವಿಲ್ಲ ಎಂದು ನಾನೇ ಹೇಗೆ ಬರೆದುಕೊಡಲಿ? ನಿಮ್ಮ ವಕೀಲರು ಹೇಳಿದ್ದು ನಿಜವಾಯಿತು. ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಹೌದು. ಬೈಯಿರಿ. ಸಹಿ ನನ್ನಿಂದ ಆಗುವುದಿಲ್ಲ.

ಅವ್ವನ ವಿಷಯ. ಗೊತ್ತಿದ್ದೇ ಒತ್ತಿದೆ ಎಂದಳು ಎಂದು ಬರೆದಿದ್ದೀರಿ. ಓದಲು ಬಾರದೆ ಒತ್ತಿದ್ದಾಳೆ ಎಂದು ನಾನು ಕೊನೆಯವರೆಗೆ ಹಿಡಿದುಕೊಂಡಿದ್ದೆ. ಈಗ ಅದೂ ಇಲ್ಲ. ಆಕೆಯನ್ನು ಮಗನ ಮನೆಗೆ ಕಳಿಸಿ. ನಿಮಗೆ ಆಕೆಯ ಹೊರೆ ಯಾಕೆ?

ದುರ್ಗಾ


ಕರೆಗೊಪ್ಪ
8 ಜನವರಿ 2024

ದುರ್ಗಕ್ಕ,

ಬೈಯಲಿಲ್ಲ ಎಂದು ಹೇಳುವುದಿಲ್ಲ. ನಿಮ್ಮ ಪತ್ರ ಓದಿದ ದಿನ ಅಡಿಗೆ ಮನೆಯಲ್ಲಿ ಪಾತ್ರೆಗಳನ್ನು ಬಡಿದು ಬಡಿದು ಇಟ್ಟೆ. ರಾತ್ರಿಯೆಲ್ಲ, ಬೀದಿಗೆ ಬಂದೆವು, ಬೀದಿಗೆ ಬಂದೆವು ಎಂದೇ ತಲೆಯಲ್ಲಿ ತಿರುಗುತ್ತಿತ್ತು.

ಮಹಾದೇವ ಅವರ ಮನೆಗೆ ಹೋಗಿದ್ದೆವು. ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿದರು. ಸುಳ್ಳು ವಂಶಾವಳಿ ಕೊಟ್ಟದ್ದಕ್ಕೆ ತಮ್ಮ ಮೇಲೆ ಕೇಸಾದೀತೆಂದು ಹೆದರಿದ್ದಾರೆ. ಅದೇ ಹೆದರಿಕೆಯಲ್ಲಿ, ತಾಯಿಯನ್ನು ಯಾರು ಕರೆಸಿದರೋ ಅವರೇ ಇಟ್ಟುಕೊಳ್ಳಲಿ ಎಂದರು. ಹಾಗಾಗಿ ಅವರು ನಮ್ಮಲ್ಲೇ ಇದ್ದಾರೆ.

ನಮ್ಮ ಅಡಿಗೆ ಉಣ್ಣುವುದಿಲ್ಲ. ಹಿಂದಿನ ಖೋಲಿಯಲ್ಲಿ ಮೂರು ಕಲ್ಲು ಹೂಡಿ ತಮ್ಮ ರೊಟ್ಟಿ ತಾವೇ ಬಡಿದುಕೊಳ್ಳುತ್ತಾರೆ. ಸಮೀರ ಕೆಮ್ಮಿದರೆ ಏನೋ ಬೇರು ಕುದಿಸಿ ತಂದು ಹೊಸ್ತಿಲಲ್ಲಿ ಇಟ್ಟು ಹೋಗುತ್ತಾರೆ. ಎಮ್ಮೆ ನನಗಿಂತ ಅವರಿಗೆ ಹೆಚ್ಚು ಹಾಲು ಕೊಡುತ್ತದೆ. ನಿಮ್ಮ ಹೆಸರು ಒಂದು ದಿನವೂ ಎತ್ತಿಲ್ಲ. ಆದರೆ ಪೋಸ್ಟಿನವನ ಸೈಕಲ್ಲು ಓಣಿಗೆ ಬಂದರೆ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಬಾಗಿಲಿಗೆ ಬರುತ್ತಾರೆ. ನಿಮ್ಮ ಡಿಸೆಂಬರಿನ ಪತ್ರ ಬಂದಾಗ, "ಆಕಿದೇನು?" ಎಂದರು. ಹೌದೆಂದೆ. ಏನು ಬರೆದಿದ್ದಾಳೆ ಎಂದು ಕೇಳಲಿಲ್ಲ. ನಾನೂ ಓದಿ ಹೇಳಲಿಲ್ಲ. ಲಕೋಟೆಯ ಮೇಲಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿ, "ಚಂದ ಬರೀತಾಳ," ಎಂದು ಒಳಗೆ ಹೋದರು.

ಈಗ ನಮ್ಮ ತೀರ್ಮಾನ ಹೇಳುತ್ತೇನೆ. ಸಹಿ ಮಾಡಬೇಡಿ.

ಸಮೀರ ಮತ್ತು ನಾನು ಮನೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದೆವು. ಹಿತ್ತಲ ಕಡೆಯ ಎರಡು ಅಂಕಣ, ಅಂದರೆ ಆ ಹಿಂದಿನ ಖೋಲಿ, ಅದರ ಮುಂದಿನ ಜಾಗ, ನಿಮ್ಮ ಪಾಲಿಗೆ ಬರುವಷ್ಟೇ ಆಗುತ್ತದೆ. ಅದನ್ನು ನಿಮ್ಮ ಹೆಸರಿಗೆ ಮಾಡಿಸುತ್ತೇವೆ. ಉಳಿದದ್ದು ನಮ್ಮದೆಂದು ನೀವು ಒಪ್ಪಿಕೊಂಡರೆ ದಾವೆಯ ಮಾತೂ ಮುಗಿಯುತ್ತದೆ ಎಂದು ವಕೀಲರು ಹೇಳಿದರು. ಕಣ್ಣಿನಲ್ಲಿ ನಮ್ಮನ್ನು ಹುಚ್ಚರೆಂದರು, ಬಾಯಿಯಲ್ಲಿ ಅನ್ನಲಿಲ್ಲ.

ಇದು ದೊಡ್ಡ ಮನಸ್ಸೆಂದು ತಿಳಿಯಬೇಡಿ. ಮನೆ ಕಡಿಮೆಯಾಗುತ್ತದೆ, ಎಮ್ಮೆಗೆ ಜಾಗ ಸಾಲದು, ಒಂದೇ ಹಿತ್ತಲಲ್ಲಿ ಎರಡು ಮನೆತನ ನಾಳೆ ಹೇಗೆ ನಡೆಯುತ್ತದೋ ಎಂಬ ಚಿಂತೆ ನನಗೆ ಇದ್ದೇ ಇದೆ. ಸದಾಶಿವ ಒಪ್ಪದಿದ್ದರೆ ಏನು ಮಾಡುವುದೋ ತಿಳಿಯದು. ಆದರೂ ಈ ಏಳು ತಿಂಗಳಲ್ಲಿ ಮೊದಲ ಸಲ, ಓಣಿಯಲ್ಲಿ ಗಾಡಿಯ ಸಪ್ಪಳವಾದರೆ ನಾನು ಏಳುವುದಿಲ್ಲ.

ಅವ್ವನನ್ನು ಎಲ್ಲಿಗೂ ಕಳಿಸಲಾರೆ. ಆ ಖೋಲಿ ನಿಮ್ಮದಾದ ಮೇಲೆ, ಇರಿ ಎನ್ನುವುದೂ ಹೋಗಿ ಎನ್ನುವುದೂ ನಿಮಗೆ ಸೇರಿದ್ದು. ಬಂದು ನೀವೇ ಹೇಳಿ.

ನಿಮ್ಮ
ಮೃಣಾಲಿನಿ


ರಾಮದುರ್ಗ
19 ಫೆಬ್ರುವರಿ 2024

ಮೃಣಾಲಿನಿಗೆ,

ಸದಾಶಿವ ಒಪ್ಪಿದ್ದಾನೆ. ಮೊದಲು ಒಂದು ವಾರ ಊಟ ಬಿಟ್ಟು ಕುಳಿತ. ನಾನು, ನಿನ್ನ ಸಲುವಾಗಿ ಕೇಳಲಿಲ್ಲಪ್ಪ, ನನ್ನ ಸಲುವಾಗಿ ಕೇಳಿದ್ದು ಎಂದೆ. ಆಮೇಲೆ ತಾನಾಗಿಯೇ ವಕೀಲರಿಗೆ ಫೋನ್ ಮಾಡಿದ. ನೋಂದಣಿಗೆ ಸವದತ್ತಿಗೆ ಯಾವ ದಿನ ಬರಬೇಕೆಂದು ತಿಳಿಸಿರಿ.

ಅದಕ್ಕೂ ಮುಂಚೆ, ಬರುವ ಸೋಮವಾರ ನಾನು ಕರೆಗೊಪ್ಪಕ್ಕೆ ಬರುತ್ತೇನೆ. ಅವ್ವನಿಗೆ ಏನು ಹೇಳುತ್ತೇನೆಂದು ನನಗೆ ಗೊತ್ತಿಲ್ಲ. ಕ್ಷಮಿಸಿದೆ ಎಂದು ಹೇಳಲಾರೆ, ಅದು ಇನ್ನೂ ಆಗಿಲ್ಲ, ಆಗುತ್ತದೋ ಇಲ್ಲವೋ. ಏನೂ ಹೇಳದೆ ಆಕೆಯ ಎದುರಿಗೆ ಕುಳಿತು ಒಂದು ರೊಟ್ಟಿ ತಿಂದು ಬಂದರೂ ಬರಬಹುದು. ನೀವು ನಡುವೆ ಮಾತು ಸೇರಿಸಬೇಡಿ, ಸಮೀರ ಅವರಿಗೂ ಹೇಳಿರಿ.

ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆ. ಇದನ್ನು ಅವ್ವನಿಗೆ ಹೇಳಬೇಡಿ. ಹೇಳಿದರೆ ಬೆಳಿಗ್ಗೆಯಿಂದಲೇ ಸ್ಟ್ಯಾಂಡಿಗೆ ಹೋಗಿ ಕೂಡುತ್ತಾಳೆ. ಈಗಲೇ ಬಿಸಿಲು ಬಹಳವಾಗಿದೆ.

ಇತಿ,
ದುರ್ಗಾ